ಮನೇಲಿ ಇನ್ನೇನು ನುಂಗ್ತೀರಾ?

ಅವರ ಅಂಗಡಿಯಲ್ಲಿ ಮಾತ್ರೆ ತೆಗೆದುಕೊಳ್ಳುವುದೆಂದರೆ ಬಸ್ಸು ತಪ್ಪಿಸಿಕೊಳ್ಳುವುದು ಎಂದೇ ಅರ್ಥ. ಪಾವಗಡದ ಬಸ್ ಸ್ಟ್ಯಾಂಡಿನ ಎದುರಿಗೆ, ಹುರಿದ ಕಡಲೆಕಾಯಿಯ ಗಾಡಿಗೂ ಮೊಬೈಲ್ ರಿಪೇರಿಯ ಗೂಡಿಗೂ ನಡುವೆ ಇದ್ದ ಒಂದೇ ಬಾಗಿಲಿನ ಮೆಡಿಕಲ್ ಸ್ಟೋರು ಅದು. ಬೋರ್ಡಿನ ಮೇಲೆ ಯಾವುದೋ ದೇವರ ಹೆಸರಿತ್ತು. ಜನರ ಬಾಯಲ್ಲಿ ಮಾತ್ರ ಅದು ಲಾಯರ್ ಮೆಡಿಕಲ್. ಅವರು ಕಾನೂನು ಓದಿದವರಲ್ಲ, ಔಷಧಿಯದ್ದೇ ಡಿಪ್ಲೊಮಾ ಮಾಡಿದವರು. ಚೀಟಿ ಹಿಡಿದು ಬಂದವರನ್ನು ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಪ್ರಶ್ನೆ ಕೇಳುತ್ತಿದ್ದರಿಂದ ಆ ಹೆಸರು. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಹೇಳಿದ ಕಂಡಕ್ಟರು ಕೂಡ, "ನಮ್ ಲಾಯರ್ ಮೆಡಿಕಲ್‌ನೋರು ಹೋಗ್ಬುಟ್ರಂತೆ ಮೇಡಂ" ಅಂದ. ಅವರ ನಿಜವಾದ ಹೆಸರು ನನಗೂ ಗೊತ್ತಾದದ್ದು ಮುಚ್ಚಿದ ಬಾಗಿಲಿಗೆ ಅಂಟಿಸಿದ್ದ ಶ್ರದ್ಧಾಂಜಲಿಯ ಕಾಗದ ಓದಿದ ಮೇಲೆಯೇ. ಅದನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಹಿಡಿದು ನಾನು ಅವರನ್ನು ಒಂದು ದಿನವೂ ಕರೆದವಳಲ್ಲ.

ನಾನು ವೈ.ಎನ್.ಹೊಸಕೋಟೆ ರಸ್ತೆಯಿಂದ ಸ್ವಲ್ಪ ಒಳಗಿರುವ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರು. ಮನೆ ಪಾವಗಡದಲ್ಲಿ. ದಿನಾ ಬೆಳಿಗ್ಗೆ ಒಂಬತ್ತರ ಬಸ್ಸು ಹಿಡಿಯಬೇಕು. ಬಸ್ಸಿನ ವಿಷಯದಲ್ಲಿ ನನಗೆ ಮೊದಲಿನಿಂದಲೂ ಸ್ವಲ್ಪ ಹುಚ್ಚು. ಬಸ್ಸು ಹೊರಡಲು ಕಾಲು ಗಂಟೆ ಇದ್ದರೂ ಈಗಲೇ ಹೊರಟುಬಿಡುತ್ತದೇನೋ ಎಂದು ಎದೆ ಹೊಡೆದುಕೊಳ್ಳುತ್ತದೆ. ಅಂಥವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬೆಳಿಗ್ಗೆ, ಕಾಲಿನ ಗಾಯ ಕೀವಾಗಿದ್ದಕ್ಕೆ ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಅವರ ಕೌಂಟರಿನ ಮುಂದೆ ನಿಂತೆ. ಅವರು ಚೀಟಿ ನೋಡಿದರು. ದಾರ ಕಟ್ಟಿದ ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿದರು.

"ಮನೇಲಿ ಇನ್ನೇನು ನುಂಗ್ತೀರಾ ಮೇಡಂ?"

ನನಗೆ ಆ ಮಾತು ಹಿಡಿಸಲಿಲ್ಲ. "ಊಟ ನುಂಗ್ತೀನಿ" ಅಂದೆ.

"ಯಾವ್ ಊಟ?" ಅಂದರು. ತಮಾಷೆಗಲ್ಲ, ನಿಜವಾಗಿಯೇ ಕೇಳುತ್ತಿದ್ದರು.

ಆ ಕಡೆ ನನ್ನ ಬಸ್ಸಿನ ಡ್ರೈವರು ಹತ್ತಿ ಕೂತದ್ದು ಕಾಣುತ್ತಿತ್ತು. ಬೇರೆ ಯಾವ ಔಷಧಿಯನ್ನೂ ತೆಗೆದುಕೊಳ್ಳುವುದಿಲ್ಲ, ಬೇಗ ಕೊಡಿ ಎಂದೆ. ನಾನು ಔಷಧಿ ಕೇಳಲಿಲ್ಲ ಮೇಡಂ, ನುಂಗೋದು ಕೇಳಿದೆ ಅಂದರು ಅವರು. ಕೊನೆಗೆ ರಕ್ತ ಕಡಿಮೆಯೆಂದು ಎರಡು ತಿಂಗಳಿಂದ ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ಬಾಯಿಬಿಟ್ಟೆ. ಅದೇನು ಔಷಧಿಯಲ್ಲ, ಟಾನಿಕ್ ಇದ್ದ ಹಾಗೆ ಎಂದೂ ಸೇರಿಸಿದೆ. ಅವರು "ಹೂಂ" ಎಂದು ತಿರುಗಿ, ಹಳೆಯ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿದ್ದ ದಪ್ಪ ಪುಸ್ತಕವೊಂದನ್ನು ಎಳೆದುಕೊಂಡರು. ಪೆನ್ಸಿಲ್ ತುದಿಯಿಂದ ಸಾಲುಗಳನ್ನು ತಡವುತ್ತಾ ಓದತೊಡಗಿದರು. ನನ್ನ ಹಿಂದೆ ನಿಂತಿದ್ದ ಆಂಧ್ರದ ಕಡೆಯ ಒಬ್ಬಾತ ತಾಳ್ಮೆ ಕಳೆದುಕೊಂಡು, "ಸ್ವಾಮೀ, ಮಾತ್ರ ಇಸ್ತಾವಾ ಲೇದಾ? ಬಸ್ಸು ಪೋತಾ ಉಂದಿ" ಎಂದ, ಮಾತ್ರೆ ಕೊಡುತ್ತೀಯೋ ಇಲ್ಲವೋ, ಬಸ್ಸು ಹೋಗುತ್ತಿದೆ ಎಂದು ತೆಲುಗಿನಲ್ಲಿ. ಅವರು ಪುಸ್ತಕದಿಂದ ತಲೆಯೆತ್ತದೆ, "ಪೋನೀಲೇ, ಇಂಕೋಟಿ ವಸ್ತುಂದಿ" ಎಂದರು. ಹೋದರೆ ಹೋಗಲಿ, ಇನ್ನೊಂದು ಬರುತ್ತದೆ. ಅಷ್ಟರಲ್ಲಿ ನನ್ನ ಬಸ್ಸು ಹೋಗಿಯೇಬಿಟ್ಟಿತು.

"ಇವೆರಡೂ ಒಂದೇ ಸಲ ಹೊಟ್ಟೆಗೋದ್ರೆ ಕೈ ಕೈ ಹಿಡ್ಕಂಬುಡ್ತವೆ ಮೇಡಂ. ರಕ್ತಕ್ಕೆ ಇಳಿಯೋದೇ ಇಲ್ಲ. ಜೊತೇಲೇ ಆಚೆಗೆ ಹೊಂಟೋಗ್ತವೆ" ಅಂದರು.

"ವಿಷ ಆಗುತ್ತಾ?"

"ವಿಷ ಆದ್ರೆ ಗೊತ್ತಾದ್ರೂ ಆಗ್ತೈತೆ. ಇದ್ರಲ್ಲಿ ಏನೂ ಆಗಲ್ಲ. ಏನೂ ಆಗ್ದೆ ಇರೋದೇ ತೊಂದ್ರೆ."

ಮುಂದಿನ ಬಸ್ಸಿಗೆ ಒಂದು ಗಂಟೆಯಿತ್ತು. ನನ್ನ ಮುಖ ನೋಡಿ ಅವರೇ ಸ್ಟೂಲ್ ಹಾಕಿಕೊಟ್ಟರು. ಸಿಟ್ಟಿನಲ್ಲೇ ಕೂತೆ. ಆದರೆ ಆ ಒಂದು ಗಂಟೆ ನಾನು ನೋಡಿದ್ದು ಯಾವ ನಾಟಕಕ್ಕೂ ಕಡಿಮೆಯಿರಲಿಲ್ಲ. ಒಬ್ಬ ಮುದುಕಪ್ಪ ಬಂದ. ಬೇರೆ ಏನೂ ತಗಳ್ಳಲ್ಲ ಸ್ವಾಮಿ ಎಂದು ತಾಯಾಣೆ ಇಟ್ಟ. ಇವರು ಬಿಡಲಿಲ್ಲ. ಬೆಳಿಗ್ಗೆ ಎದ್ದು ಏನು ಕುಡಿತೀಯ, ಆಮೇಲೆ, ಅದಾದ ಮೇಲೆ ಎಂದು ಒಂದೊಂದಾಗಿ ಕೇಳುತ್ತಾ ಹೋದಂತೆ, ಆತ ಅಂಗಿಯ ಜೇಬಿನಿಂದಲೇ ಗುಲಾಬಿ ಬಣ್ಣದ ನೀರಿನ ಚಪ್ಪಟೆ ಸೀಸೆಯೊಂದನ್ನು ತೆಗೆದ. ಅಸಿಡಿಟಿಗೆ ಕುಡಿಯುವ ಔಷಧಿ. ದಿನಕ್ಕೆ ಮೂರು ಸಲ, ಎಷ್ಟೋ ವರ್ಷದಿಂದ.

"ಇದು ಔಷ್ದಿ ಅಲ್ಲ ಬುಡಿ ಸ್ವಾಮಿ, ಇದು ಹೊಟ್ಟೆ ಉರಿಗೆ" ಎಂದ ಮುದುಕಪ್ಪ, ಬಹಳ ನಿರಾಳವಾಗಿ.

ಅವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಎರಡು ತಿಂಗಳ ಕಬ್ಬಿಣದ ಮಾತ್ರೆಯವಳಾದ ನಾನು ಹುರಿದ ಕಡಲೆಕಾಯಿ ಗಾಡಿಯ ಕಡೆ ನೋಡಿದೆ. ಔಷಧಿ ತಗೋತೀರಾ ಎಂದು ಕೇಳಿದರೆ ನಮ್ಮ ಜನ ಇಲ್ಲ ಅನ್ನುತ್ತಾರೆ, ನುಂಗ್ತೀರಾ ಎಂದು ಕೇಳಿದರೆ ಒಂದೊಂದೇ ಆಚೆ ಬರುತ್ತವೆ ಎಂಬುದನ್ನು ಅವರು ಹೀಗೆ ಬೇಕಾದಷ್ಟು ಸಲ ಸೋತು ಕಂಡುಕೊಂಡಿದ್ದರು. ಅಂಗನವಾಡಿಯಲ್ಲಿ ಕೊಟ್ಟ ಮಾತ್ರೆ, ಮಗಳು ತಂದುಕೊಟ್ಟ ಶಕ್ತಿಯ ಪುಡಿ, ಸೊಂಟಕ್ಕೆಂದು ಯಾರೋ ಕಟ್ಟಿಕೊಟ್ಟ ಬೇರು, ಇವ್ಯಾವೂ ಜನರ ಲೆಕ್ಕದಲ್ಲಿ ಔಷಧಿಯಲ್ಲ. ಬೇರು ಎಂದರೆ ಸಾಕು, ತಂದು ತೋರಿಸಿ ಎನ್ನುತ್ತಿದ್ದರು. ತಂದರೆ ಮೂಸಿ, ಉಗುರಿನಿಂದ ಕೆರೆದು, ಪುಟ್ಟ ಬಾಟಲಿಯಲ್ಲಿ ಹಾಕಿ, ಯಾವ ಊರು, ಯಾರು ಕೊಟ್ಟದ್ದು ಎಂದು ಚೀಟಿ ಅಂಟಿಸಿ ಮೇಲಿನ ಹಲಗೆಯಲ್ಲಿ ಇಡುತ್ತಿದ್ದರು. ಏನು ಮಾಡುತ್ತೀರಿ ಇವನ್ನೆಲ್ಲ ಎಂದು ಒಮ್ಮೆ ಕೇಳಿದೆ. "ಗೊತ್ತಿಲ್ಲ ಮೇಡಂ. ಏನಂತ ಗೊತ್ತಿಲ್ದೇ ಇರೋದ್ನ ಎಸೆಯಾಕೆ ಮನಸ್ ಬರಲ್ಲ" ಅಂದರು.

ನಾನು ದಿನಾ ಹಳ್ಳಿಗೆ ಹೋಗಿ ಬರುವವಳು. ಹಾಗಾಗಿ ಊರಿನವರ ಚೀಟಿಗಳೆಲ್ಲ ನನ್ನ ಬ್ಯಾಗಿಗೆ ಬೀಳತೊಡಗಿದವು. ಸಂಜೆ ಇಳಿದವಳೇ ಚೀಟಿ ಕೊಡುವುದು, ಬೆಳಿಗ್ಗೆ ಮಾತ್ರೆ ಒಯ್ಯುವುದು. ಬೇರೆ ಅಂಗಡಿಗೆ ಹೋಗಿದ್ದರೆ ಎರಡು ನಿಮಿಷದ ಕೆಲಸ. ಇವರು ಮಾತ್ರ ನನಗೆ ಮಾತ್ರೆಯ ಬದಲು ಪ್ರಶ್ನೆಗಳನ್ನು ಕೊಟ್ಟು ಕಳಿಸುತ್ತಿದ್ದರು. ಈ ಅಜ್ಜಿ ಬೇರೆ ಏನು ನುಂಗುತ್ತಾಳೆ ಕೇಳಿಕೊಂಡು ಬನ್ನಿ, ಈ ಹುಡುಗಿ ಹಾಲು ಕುಡಿಯುವುದು ಯಾವಾಗ ಕೇಳಿಕೊಂಡು ಬನ್ನಿ. ನಾನೇನು ನಿಮ್ಮ ಕೋರ್ಟಿನ ಅಮೀನಳೇ ಎಂದು ಒಂದು ದಿನ ಜಗಳವಾಡಿದೆ. ಅವರು ಆ ಜಗಳವನ್ನು ಪೂರ್ತಿ ಕೇಳಿಸಿಕೊಂಡು, "ಅಂಗಾದ್ರೆ ನಾಳೆ ಕೇಳ್ಕಂಡ್ ಬರ್ತೀರಲ್ಲ?" ಅಂದರು. ಕೇಳಿಕೊಂಡು ಹೋದೆ. ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ನನಗೂ ಕುತೂಹಲ ಹತ್ತಿಬಿಟ್ಟಿತ್ತು. ಹದಿನೈದು ವರ್ಷ ಒಂದು ಮನೆಯ ಮುಂದೆ ಓಡಾಡಿದರೂ ಗೊತ್ತಾಗದ ವಿಷಯ ಆ ಒಂದು ಪ್ರಶ್ನೆಯಿಂದ ಗೊತ್ತಾಗುತ್ತಿತ್ತು.

ಫೋನಿನಲ್ಲಿ ಎರಡು ಔಷಧಿಯ ಹೆಸರು ಹಾಕಿದರೆ ಒಟ್ಟಿಗೆ ತೆಗೆದುಕೊಳ್ಳಬಹುದೋ ಬಾರದೋ ಎಂದು ಹೇಳುವ ಆ್ಯಪ್ ಬಂದ ಮೇಲೆ, ಅದನ್ನು ಅವರಿಗೆ ತೋರಿಸಿ ಪುಸ್ತಕದ ಕಾಟ ತಪ್ಪಿಸೋಣವೆಂದು ಹೋದೆ. ಅವರಿಗೆ ಖುಷಿಯೋ ಖುಷಿ. ಮಗುವಿನ ಕೈಗೆ ಬುಗುರಿ ಸಿಕ್ಕ ಹಾಗೆ, ಗಿರಾಕಿಗಳನ್ನೆಲ್ಲ ನಿಲ್ಲಿಸಿ ಒಂದಾದ ಮೇಲೆ ಒಂದು ಜೋಡಿ ಹಾಕಿ ನೋಡಿದರು. ಆಂಟಿಬಯೋಟಿಕ್ ಜೊತೆ ಕ್ಯಾಲ್ಸಿಯಂ ಹಾಕಿದರು. ಬೇಡ, ನಡುವೆ ಗಂಟೆಗಳ ಅಂತರ ಇರಲಿ ಎಂದು ಬಂತು. ಹಾಲು ಹಾಕಿದರು. ಅದೂ ಬಂತು.

"ಇದುಕ್ಕೆ ಮುದ್ದೆ ಗೊತ್ತಾ?" ಅಂದರು.

ಮುದ್ದೆ ಅದಕ್ಕೆ ಗೊತ್ತಿರಲಿಲ್ಲ.

"ನೋಡಿ, ನಮ್ಮೋರು ಹಾಲೆಲ್ಲಿ ಕುಡೀತಾರೆ? ಡೈರಿಗೆ ಹಾಕ್ತಾರೆ. ತಿನ್ನೋದು ಮುದ್ದೆ. ರಾಗೀಲಿ ಹಾಲಿಗಿಂತ ಜಾಸ್ತಿ ಸುಣ್ಣದಂಶ ಐತೆ. ಅದು ಮಾತ್ರೇನ ಹಿಡ್ಕಂತದೋ ಇಲ್ವೋ? ಯಾರೂ ಯಾಕೆ ಕೇಳಿಲ್ಲ?"

ಅವರು ಓದಿದ ಕಾಲೇಜಿನ ಮೇಷ್ಟ್ರಿಗೆ ಕಾಗದ ಬರೆದರು. ಒಳ್ಳೆಯ ಪ್ರಶ್ನೆ ಎಂದು ಉತ್ತರ ಬಂತಂತೆ. ಒಳ್ಳೇದು ಅಂತ ನಂಗೂ ಗೊತ್ತು, ಉತ್ರ ಏನು ಎಂದು ವಾರಗಟ್ಟಲೆ ಗೊಣಗಾಡಿದರು. ಅದು ಗೊತ್ತಾಗುವ ತನಕ ಇರಲಿ ಎಂದು ಮುದ್ದೆಗೂ ಆಂಟಿಬಯೋಟಿಕ್ಕಿಗೂ ನಡುವೆ ತಾವೇ ಎರಡು ಗಂಟೆಯ ಅಂತರ ಇಟ್ಟುಬಿಟ್ಟರು.

ಅಂತರ ಇಡುವುದೇನೋ ಸರಿ, ಅದನ್ನು ಹಳ್ಳಿಯ ಮನೆಗೆ ತಲುಪಿಸುವುದು ಹೇಗೆ ಎಂಬುದು ಅವರ ದೊಡ್ಡ ಚಿಂತೆ. ಊಟಕ್ಕೆ ಮುಂಚೆ ಎಂದು ಬರೆದರೆ ಒಬ್ಬರ ಊಟ ಎಂಟಕ್ಕೆ, ಹೊಲಕ್ಕೆ ಹೋಗಿ ಬರುವವರದು ಹನ್ನೊಂದಕ್ಕೆ. ಗಂಟೆ ಬರೆದರೆ ಗಡಿಯಾರ ನೋಡುವವರು ಮನೆಯಲ್ಲಿ ಇರುವುದಿಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಓದಲು ಬರಲಿ ಬಾರದಿರಲಿ, ಬಸ್ಸು ಯಾವಾಗ ಬರುತ್ತದೆಂಬುದು ಎಲ್ಲರಿಗೂ ಗೊತ್ತು. ಬಸ್ ಸ್ಟ್ಯಾಂಡಿನ ಎದುರಿಗೆ ಜೀವನ ಕಳೆದವರಿಗೆ ಅದು ಹೊಳೆದದ್ದು ಸಹಜವೇ. ಹೊಸಕೋಟೆ ಬಸ್ಸು ಬಂದಾಗ ಇದು, ಸಂಜೆ ಬಸ್ಸು ತಿರುಗಿಕೊಂಡು ಹೋದಾಗ ಅದು ಎಂದು ಮಾತ್ರೆಯ ಕವರಿನ ಮೇಲೆ ಬರೆಯತೊಡಗಿದರು. ಓದಲು ಬಾರದವರಿಗೆ ಚಿತ್ರ. ಒಂದು ಚೌಕ, ಕೆಳಗೆ ಎರಡು ಚಕ್ರ, ಪಕ್ಕದಲ್ಲಿ ಅರ್ಧ ಸೂರ್ಯ ಇದ್ದರೆ ಅದು ನಮ್ಮ ಊರಿಗೆ ಬೆಳಿಗ್ಗೆ ಆರೂವರೆಗೆ ಬರುವ ಮೊದಲ ಬಸ್ಸು. ಬಸ್ಸಿನ ಪಕ್ಕದಲ್ಲಿ ಬ್ಯಾಗು ಹಿಡಿದ, ಸಿಟ್ಟಿನ ಮುಖದ ಒಂದು ಹೆಂಗಸು ಇದ್ದರೆ ಅದು ಒಂಬತ್ತೂ ಮುಕ್ಕಾಲಿನ ಬಸ್ಸು. ಆ ಹೆಂಗಸು ನಾನು.

ಈಗ ನಾಗಮ್ಮನ ವಿಷಯಕ್ಕೆ ಬರುತ್ತೇನೆ. ಆಕೆ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ನಮ್ಮ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡು ನಲವತ್ತೈದಕ್ಕೇ ಆಕೆಯ ಮಂಡಿ, ಸೊಂಟ ಎರಡನ್ನೂ ಹಿಡಿದಿತ್ತು. ಅದಕ್ಕೆಂದು ಡಾಕ್ಟರು ದಿನಕ್ಕೊಂದು ಕ್ಯಾಲ್ಸಿಯಂ ಮಾತ್ರೆ ಬರೆದಿದ್ದರು. ಮೂರು ತಿಂಗಳಿಂದ ಮೂತ್ರದ ಸೋಂಕು ಬೇರೆ ಬಿಟ್ಟು ಬಿಟ್ಟು ಬರುತ್ತಿತ್ತು. ಚಳಿಜ್ವರ ಬಂದರೂ ಒಲೆಯ ಮುಂದೆ ಕೂತು ಸಾರು ಕುದಿಸುವವಳು, ಕೊನೆಗೆ ನನ್ನ ಬಲವಂತಕ್ಕೆ ತೋರಿಸಿಕೊಂಡಳು. ದಿನಕ್ಕೊಂದರಂತೆ ಏಳು ದಿನಕ್ಕೆ ಒಂದು ಆಂಟಿಬಯೋಟಿಕ್ ಬರೆದಿದ್ದರು. ಅದರ ಹೆಸರಿಗೆ ನನ್ನ ನಾಲಿಗೆ ಇವತ್ತಿಗೂ ಹೊರಳುವುದಿಲ್ಲ.

ಚೀಟಿ ನೋಡಿದವರೇ ಅಂಗಡಿಯಲ್ಲಿ ಅವರು ತಮ್ಮ ಪ್ರಶ್ನೆ ಕೇಳಿದರು. ಈ ಸಲ ಉತ್ತರ ನನ್ನ ಹತ್ತಿರ ಇತ್ತು, ಕ್ಯಾಲ್ಸಿಯಂ ಎಂದೆ. ಪುಸ್ತಕ ನೋಡಿದರು, ಫೋನು ನೋಡಿದರು, ಸಾಲದೆಂದು ಡಾಕ್ಟರಿಗೂ ಫೋನು ಮಾಡಿದರು. ಏಳು ದಿನ ಕ್ಯಾಲ್ಸಿಯಂ ನಿಲ್ಲಿಸಿಬಿಟ್ಟರಾಯಿತಲ್ಲ ಎಂದು ನಾನು ಕೇಳಿದೆ. "ಬುಡು ಅಂದ್ರೆ ನಮ್ಮೋರು ಬುಟ್ಟೇ ಬುಡ್ತಾರೆ ಮೇಡಂ. ಆಯಮ್ಮನ ಮೂಳೆ ಆಮೇಲೆ ಯಾರು ನೋಡ್ತಾರೆ?" ಅಂದರು. ಎರಡು ಕವರು ಮಾಡಿದರು. ಆಂಟಿಬಯೋಟಿಕ್ಕಿಗೆ ಅರ್ಧ ಸೂರ್ಯನ ಬಸ್ಸು. ಕ್ಯಾಲ್ಸಿಯಂಗೆ ನನ್ನ ಬಸ್ಸು. ನಡುವೆ ಮೂರು ಗಂಟೆಗೂ ಜಾಸ್ತಿ ಅಂತರ. ಬರೆದು ಮುಗಿಸಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸುವಾಗ ಅವರ ಮುಖದಲ್ಲಿ ಒಳ್ಳೆಯ ಲೆಕ್ಕ ಬಿಡಿಸಿದ ಹುಡುಗನ ಸಮಾಧಾನವಿತ್ತು. ನಾಗಮ್ಮ ಕವರನ್ನು ತಿರುಗಿಸಿ ನೋಡಿ, "ಇದು ನೀವೇ ಅಲ್ವಾ ಟೀಚ್ರಮ್ಮ?" ಎಂದು ನಗಾಡಿದಳು.

ಏಳು ದಿನದ ಮಾತ್ರೆ ಮುಗಿದ ಎರಡನೆಯ ದಿನ ನಾಗಮ್ಮ ಅಡುಗೆ ಮನೆಯಲ್ಲೇ ನಡುಗುತ್ತಾ ಕುಸಿದಳು. ಮೈ ಕೆಂಡ. ಸೊಂಟದ ಹಿಂಭಾಗ ಮುಟ್ಟಿದರೆ ಚೀರುತ್ತಿದ್ದಳು. ಆಟೋದಲ್ಲಿ ಪಾವಗಡಕ್ಕೆ ತಂದು ಆಸ್ಪತ್ರೆಗೆ ಸೇರಿಸಿದೆವು. ಸೋಂಕು ಕಿಡ್ನಿಗೆ ಏರಿದೆ ಎಂದರು. ಒಂದು ದಿನ ತಡವಾಗಿದ್ದರೂ ಕಷ್ಟವಿತ್ತು, ಈಗಲೂ ಏನೂ ಹೇಳಲಾಗದು ಎಂದರು. ನಾನು ಅಲ್ಲಿಂದ ನೆಟ್ಟಗೆ ಅವರ ಅಂಗಡಿಗೆ ಹೋದೆ. ಹೋಗುವಾಗ ನನ್ನಲ್ಲಿ ಇದ್ದದ್ದು ಸಿಟ್ಟೇ. ಅಷ್ಟು ಪುಸ್ತಕ, ಅಷ್ಟು ಪ್ರಶ್ನೆ, ನಿಮ್ಮ ಮಾತ್ರೆ ಕೆಲಸವನ್ನೇ ಮಾಡಲಿಲ್ಲವಲ್ಲ ಎಂದೆ.

ಅವರು ವಾದ ಮಾಡಲಿಲ್ಲ. "ತಗಂಡ್ರಾ? ಏಳೂ ದಿನ?" ಅಂದರು.

"ಒಂದೂ ಬಿಡದೆ ತಗೊಂಡಿದ್ದಾಳೆ. ನಾನೇ ನೋಡಿದ್ದೀನಿ."

"ನೀವು ನೋಡಿದ್ರಾ? ಸೂರ್ಯನ್ ಮಾತ್ರೇನ? ಆರೂವರೆಗೆ ನೀವೆಲ್ಲಿದ್ರಿ ಮೇಡಂ?"

ನಾನು ನೋಡಿದ್ದು ಒಂಬತ್ತೂ ಮುಕ್ಕಾಲಿಗೆ. ದಿನಾ ನಾನು ಬಸ್ಸು ಇಳಿಯುವ ಹೊತ್ತಿಗೆ ನಾಗಮ್ಮ ಶಾಲೆಯ ಗೇಟಿನಲ್ಲಿ ನೀರಿನ ಚೊಂಬು ಹಿಡಿದು ನಿಂತಿರುತ್ತಿದ್ದಳು. ಬಸ್ಸು ನೋಡಿದವಳೇ ಅಂಗೈಯಲ್ಲಿದ್ದ ಎರಡು ಮಾತ್ರೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಎರಡು ಎಂಬುದನ್ನು ನಾನು ಕಣ್ಣಾರೆ ನೋಡಿದ್ದೆ. ಎಷ್ಟು ಶಿಸ್ತಿನ ಹೆಂಗಸು ಎಂದು ಮೆಚ್ಚಿಯೂ ಇದ್ದೆ.

ಅವರು ತುಂಬಾ ಮೆಲ್ಲಗೆ ಕೇಳಿದರು. "ಆರೂವರೆ ಬಸ್ಸು ಬರ್ತಾ ಐತಾ?"

ಇರಲಿಲ್ಲ. ಆ ಖಾಸಗಿ ಬಸ್ಸು ಗೇರ್‌ಬಾಕ್ಸ್ ಕೆಟ್ಟು ಹತ್ತು ದಿನದಿಂದ ಗ್ಯಾರೇಜಿನಲ್ಲಿತ್ತು. ಡೈರಿಗೆ ಹಾಲು ಕಳಿಸುವವರು ಬೈದುಕೊಳ್ಳುವುದನ್ನು ನಾನು ದಿನಾ ಕೇಳುತ್ತಿದ್ದೆ. ಇವರಿಗೆ ಹೇಳಬೇಕೆಂದು ಹೊಳೆದಿರಲಿಲ್ಲ. ಅದು ಪಾವಗಡದ ಸ್ಟ್ಯಾಂಡಿಗೆ ಬರುವ ಬಸ್ಸಲ್ಲ, ಹೊಸಕೋಟೆಯ ಕಡೆಯಿಂದಲೇ ಬಂದು ಹಾಗೇ ತಿರುಗುವಂಥದ್ದು. ಹಾಗಾಗಿ ಅವರ ಕಣ್ಣಿಗೂ ಬಿದ್ದಿರಲಿಲ್ಲ. ಅರ್ಧ ಸೂರ್ಯನ ಬಸ್ಸಿಗಾಗಿ ನಾಗಮ್ಮ ಖಾಲಿ ಹೊಟ್ಟೆಯಲ್ಲಿ ಕಾದಿದ್ದಾಳೆ. ಬಂದಿಲ್ಲ. ಅಷ್ಟೂ ದಿನ ಊರಿಗೆ ಬಂದ ಮೊದಲ ಬಸ್ಸು ನಾನು ಇಳಿಯುವ ಬಸ್ಸೇ. ಅವರ ಎರಡು ಕವರೂ ಒಂದೇ ಬಸ್ಸನ್ನು ತೋರಿಸುತ್ತಿದ್ದವು.

ಅವರು ಕೆಲಸದ ದಿನ ಹಗಲು ಹೊತ್ತಿನಲ್ಲಿ ಅಂಗಡಿಯ ಶಟರ್ ಎಳೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಚೀಟಿ ಹಿಡಿದು ನಿಂತಿದ್ದ ಇಬ್ಬರಿಗೆ ಕೈ ಮುಗಿದು, ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ನನ್ನ ಜೊತೆ ಆಸ್ಪತ್ರೆಗೆ ನಡೆದರು. ವಾರ್ಡಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆ ಆಂಟಿಬಯೋಟಿಕ್ಕಿಗೆ ಈ ರೋಗ ಬಗ್ಗುವುದಿಲ್ಲ ಎಂದು ಆಕೆ ಕೇಸ್ ಶೀಟಿನಲ್ಲಿ ಬರೆಯುತ್ತಿದ್ದರು. ಇವರು ಹೋಗಿ ಮುಂದೆ ನಿಂತರು.

"ಅಂಗೆ ಬರೀಬೇಡಿ ಡಾಕ್ಟ್ರೇ. ಆ ಮಾತ್ರೆ ಇವ್ರ ಮೈಗೆ ಹತ್ತೇ ಇಲ್ಲ. ಕ್ಯಾಲ್ಸಿಯಂ ಜೊತೆ ಹೋಗೈತೆ, ಏಳೂ ದಿನ. ನಾನೇ ಮಾಡಿದ್ ತಪ್ಪು" ಎಂದರು. ಕವರುಗಳನ್ನು ತೋರಿಸಿ, ಬಸ್ಸು, ಸೂರ್ಯ, ನನ್ನ ಚಿತ್ರ ಎಲ್ಲವನ್ನೂ ವಿವರಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಎರಡು ಮಾತ್ರೆಯನ್ನು ನೋಡಿಯೂ ಕೇಳದಿದ್ದವಳು ನಾನು ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಅವರೂ ಹೇಳಲಿಲ್ಲ. ಆ ಮಾತನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ. ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ, ಮೂತ್ರದ ಪರೀಕ್ಷೆಯ ವರದಿ ಬರುವ ತನಕ ಇಂಜೆಕ್ಷನ್ ನಡೆಯಲಿ, ಆಮೇಲೆ ನೋಡೋಣ ಎಂದರು. ಮಾತ್ರೆ ಕೊಡುವವರು ಬಂದು ಹೀಗೆ ಹೇಳಿದ್ದನ್ನು ಎಲ್ಲೂ ಕಂಡಿಲ್ಲ ಎಂದೂ ಅಂದರು.

ನಾಗಮ್ಮ ಅರೆ ಎಚ್ಚರದಲ್ಲಿ ಮಲಗಿದ್ದಳು. ಇವರು ಮಂಚದ ಪಕ್ಕ ಕುಕ್ಕರಗಾಲಿನಲ್ಲಿ ಕೂತರು.

"ತಪ್ಪು ನಂದು ಕಣಮ್ಮ" ಅಂದರು.

"ನೀವು ಬರ್ದಂಗೇ ತಗಂಡ್ನಲ್ಲ ಸ್ವಾಮಿ" ಎಂದಳು ಆಕೆ, ತನ್ನದೇ ತಪ್ಪೇನೋ ಎಂಬ ಹೆದರಿಕೆಯಲ್ಲಿ.

"ಅದೇ ಕಣಮ್ಮ. ನಾನ್ ಬರ್ದಂಗೇ ತಗಂಡಿದ್ದೀಯ."

ನಾಲ್ಕು ದಿನ ಜ್ವರ ಇಳಿಯಲಿಲ್ಲ. ನಾಲ್ಕೂ ದಿನ ಅವರು ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ, ಸಂಜೆ ಮುಚ್ಚಿದ ಮೇಲೆ ವಾರ್ಡಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಹಣೆ ಮುಟ್ಟಿ ನೋಡಿದ ನರ್ಸಿನ ಮುಖ ನೋಡಿ ಹೋಗುವುದು. ಆ ನಾಲ್ಕು ದಿನ ಅಂಗಡಿಯಲ್ಲಿ ಯಾರನ್ನೂ ಏನೂ ಕೇಳದೆ ಮಾತ್ರೆ ಕೊಟ್ಟರಂತೆ, ಬಸ್ಸು ತಪ್ಪಲಿಲ್ಲವೆಂದು ಜನ ಆಶ್ಚರ್ಯಪಟ್ಟರಂತೆ. ಕೇಳುವ ಧೈರ್ಯ ಹೋಗಿತ್ತು ಎಂದು ಆಮೇಲೆ ಒಮ್ಮೆ ಅವರೇ ಹೇಳಿದರು. ಐದನೆಯ ದಿನ ಜ್ವರ ಬಿಟ್ಟಿತು. ಪರೀಕ್ಷೆಯ ವರದಿಯೂ ಬಂತು. ಅದೇ ಉದ್ದ ಹೆಸರಿನ ಮಾತ್ರೆಗೆ ಆ ರೋಗ ಬಗ್ಗುತ್ತಿತ್ತು. ಆ ಕಾಗದ ಓದಿ ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು, ಬಹಳ ಹೊತ್ತು ಒರೆಸುತ್ತಲೇ ಇದ್ದರು.

ಆಸ್ಪತ್ರೆಯಿಂದ ಹೊರಡುವಾಗ ಅದೇ ಮಾತ್ರೆಯನ್ನು ಇನ್ನಷ್ಟು ದಿನಕ್ಕೆ ಬರೆದುಕೊಟ್ಟರು. ಈ ಸಲ ಅವರು ಕವರಿನ ಮೇಲೆ ಏನೂ ಬರೆಯಲಿಲ್ಲ. ನಾಗಮ್ಮನ ಮುಂದೆ ಕೈ ಚಾಚಿ, "ಆ ಸುಣ್ಣದ್ ಮಾತ್ರೆ ಇಲ್ಲಿ ಕೊಡಮ್ಮ. ನನ್ ತಾವಿರ್ಲಿ. ಇದು ಮುಗ್ದ ದಿನ ನಾನೇ ಕಳಿಸ್ತೀನಿ" ಎಂದು ಕ್ಯಾಲ್ಸಿಯಂ ಸ್ಟ್ರಿಪ್ಪನ್ನು ಇಸಿದುಕೊಂಡು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಮುಗಿದ ದಿನ ಸರಿಯಾಗಿ ನನ್ನ ಕೈಯಲ್ಲಿ ಕಳಿಸಿದರು. ಅಷ್ಟೂ ದಿನ ಅಂಗಿ ಬದಲಿಸಿದಾಗಲೆಲ್ಲ ಜೇಬಿನಿಂದ ಜೇಬಿಗೆ ಸಾಗಿಸಿ ಅದರ ಅಂಚೆಲ್ಲ ಮುದುರಿತ್ತು.

ಬಸ್ಸಿನ ಚಿತ್ರ ಬರೆಯುವುದನ್ನು ಅವರು ನಿಲ್ಲಿಸಿಬಿಡುತ್ತಾರೆಂದು ನಾನು ಅಂದುಕೊಂಡಿದ್ದೆ. ನಿಲ್ಲಿಸಲಿಲ್ಲ. ಜನಕ್ಕೆ ಅದೇ ಅರ್ಥವಾಗುತ್ತಿತ್ತು. ಬದಲಿಗೆ ಇನ್ನೊಂದು ಪ್ರಶ್ನೆ ಸೇರಿಸಿಕೊಂಡರು. ಇನ್ನೇನು ನುಂಗ್ತೀರಾ ಎಂದಾದ ಮೇಲೆ, ನಿಮ್ಮೂರಿಗೆ ಬಸ್ಸು ಬರ್ತಾ ಐತಾ, ಯಾವತ್ತು ನೋಡಿದ್ರಿ, ಯಾರನ್ನ ಕೇಳಿದ್ರಿ. ಗೊತ್ತಿಲ್ಲವೆಂದರೆ ತಾವೇ ಎದುರಿನ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರುಗಳನ್ನು ಕೇಳಿ ಬರುತ್ತಿದ್ದರು. ಅಲ್ಲಿಗೆ ಅವರ ಅಂಗಡಿಯಲ್ಲಿ ತಪ್ಪುವ ಬಸ್ಸು ಒಂದಿದ್ದದ್ದು ಎರಡಾಯಿತು.

ನನಗೂ ಈಗ ಐವತ್ತೆರಡು. ಮಂಡಿ ನೋವಿಗೆ ಕ್ಯಾಲ್ಸಿಯಂ ನುಂಗಲು ಶುರು ಮಾಡಿ ವರ್ಷವಾಯಿತು. ಬೆಳಿಗ್ಗೆ ಶಾಲೆಗೆ ಬಂದು ಒಂದು ಲೋಟ ನೀರಿನ ಜೊತೆ ನುಂಗಿಬಿಡುವುದು, ಅಷ್ಟೇ. ಹೋದ ವಾರ ಕೆಮ್ಮು ಎದೆಗೆ ಇಳಿದು, ಡಾಕ್ಟರು ಒಂದು ಆಂಟಿಬಯೋಟಿಕ್ ಬರೆದರು. ಲಾಯರ್ ಮೆಡಿಕಲ್ ಮುಚ್ಚಿದೆ. ಅದರಾಚೆ ಹೊಸದಾಗಿ ಆಗಿರುವ ಅಂಗಡಿಯ ಹುಡುಗಿ ಒಂದು ನಿಮಿಷಕ್ಕೆ ಮಾತ್ರೆ ಕೊಟ್ಟಳು. ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಎಷ್ಟು ಸಲೀಸು ಎಂದು ಸಂತೋಷಪಟ್ಟುಕೊಂಡು ಕೂತವಳಿಗೆ, ಹಾಗೆ ಸಂತೋಷಪಡುವುದು ಅವರಿಗೆ ಮಾಡಿದ ದ್ರೋಹ ಎಂದು ಹೊಳೆಯಲೂ ಇಲ್ಲ.

ಶಾಲೆಗೆ ಬಂದು ಅಡುಗೆ ಮನೆಯ ಬಾಗಿಲಲ್ಲಿ ನಿಂತು ನೀರು ಕೇಳಿದೆ. ನಾಗಮ್ಮ ಲೋಟ ತಂದವಳು ನನ್ನ ಅಂಗೈ ನೋಡಿದಳು. ಲೋಟವನ್ನು ಕೊಡಲಿಲ್ಲ.

"ಯಾಡ್ ಮಾತ್ರೆ ಅವೆ" ಅಂದಳು.

"ಒಂದು ಕೆಮ್ಮಿಗೆ. ಈ ಬಿಳೀದು ಔಷಧಿ ಅಲ್ಲ ಬಿಡು, ಮಂಡಿಗೆ" ಅಂದೆ.

ನನ್ನ ಮಾತು ನನಗೇ ಕೇಳಿಸಿತು. ನಾಗಮ್ಮ ಕೈ ಚಾಚಿ ಬಿಳಿಯ ಮಾತ್ರೆಯನ್ನು ಎತ್ತಿಕೊಂಡು, ಒಂದು ಕಾಗದದ ಚೂರಿನಲ್ಲಿ ಸುತ್ತಿ, ಸೆರಗಿನ ತುದಿಗೆ ಗಂಟು ಹಾಕಿದಳು.

"ಸಾಯಂಕಾಲ ಬಸ್ ಹತ್ತಾಗ ಈಸ್ಕಳಿ" ಎಂದಳು. ಲೋಟ ಇನ್ನೂ ಆಕೆಯ ಕೈಯಲ್ಲೇ ಇತ್ತು. "ಸಾಯಂಕಾಲದ್ ಬಸ್ಸು ಬತ್ತೈತಾ ಇವತ್ತು?"

"ಬರುತ್ತೆ."

"ಯಾರ್ನ ಕೇಳಿದ್ರಿ?"

ನಾನು ಫೋನು ತೆಗೆದು ಕಂಡಕ್ಟರಿಗೆ ಹಚ್ಚಿದೆ. ಬರ್ತೀವಿ ಮೇಡಂ ಎಂದು ಆತ ಹೇಳಿದ್ದನ್ನು ಆಕೆಗೂ ಕೇಳಿಸಿದೆ. ಆಮೇಲೆ ನಾಗಮ್ಮ ನೀರು ಕೊಟ್ಟಳು.